ರೇಡಿಯೇಟರ್‌ನ ರಬ್ಬರ್ ಬಳೆ

ಮ್ಯಾಂಚೆಸ್ಟರ್‌ನ ಈ ಹಳೆಯ ಮನೆಯಲ್ಲಿ ಮಲಗುವ ಕೋಣೆಯನ್ನು ಬಿಸಿನೀರಿನಿಂದ ಬೆಚ್ಚಗಿಡುವ ರೇಡಿಯೇಟರ್‌ನ ವಾಲ್ವ್ ಒಂದು ವಾರದಿಂದ ತೊಟ್ಟಿಕ್ಕುತ್ತಿತ್ತು; ಕೆಳಗಿಟ್ಟ ಸ್ಟೀಲ್ ಲೋಟ ಬೆಳಗಾಗುವಷ್ಟರಲ್ಲಿ ಕಪ್ಪು ನೀರಿನಿಂದ ಅರ್ಧ ತುಂಬಿರುತ್ತಿತ್ತು.

ಇಂದು ಎರಡೂ ಬದಿಯ ವಾಲ್ವ್‌ಗಳನ್ನು ಮುಚ್ಚಿ, ಗಾಳಿ ಬಿಡುವ ತಿರುಪಿನಿಂದ ಒತ್ತಡ ಇಳಿಸಿ, ಹಿಡಿಕೆಯ ಕೆಳಗಿನ ನಟ್ ಬಿಚ್ಚಿದಾಗ, ಒಳಗಿನ ಕಡ್ಡಿಯನ್ನು ಸುತ್ತಿಕೊಂಡಿದ್ದ, ನೀರು ಸೋರದಂತೆ ತಡೆಯುವ ರಬ್ಬರ್ ಬಳೆ (ಓ-ರಿಂಗ್) ಬೆರಳು ತಾಗಿದೊಡನೆ ಮೂರು ಚೂರಾಯಿತು. ಅದೇ ಅಳತೆಯ ಹೊಸದನ್ನು ತರೋಣವೆಂದರೆ, ಚೂರುಗಳನ್ನು ಅಳೆಯುವುದು ಹೇಗೆ?

ಇಡೀ ವಾಲ್ವ್ ಬದಲಾಯಿಸುವುದೇ ಸುಲಭವೆಂದು ಅಂಗಡಿಯವರು ಹೇಳಿದರು. ಅದಕ್ಕೆ ಕೊಳವೆಗಳ ನೀರನ್ನೆಲ್ಲ ಬಸಿದು, ತುಕ್ಕು ತಡೆಯುವ ದ್ರವವನ್ನು ಮತ್ತೆ ತುಂಬಬೇಕೆಂಬ ಮಾತು ಅವರ ಬಾಯಿಂದ ಬರಲಿಲ್ಲ. ಊರಿನಲ್ಲಾದರೆ ಕುಕ್ಕರಿನ ಹೆಸರನ್ನೂ ಲೀಟರನ್ನೂ ಹೇಳಿದರೆ ಸಾಕು, ಗ್ಯಾಸ್ಕೆಟ್ ಕೈಗೆ ಬರುತ್ತದೆ. ಈ ವಾಲ್ವಿನ ಮೇಲೆ ಹೆಸರೇ ಅಳಿಸಿಹೋಗಿದೆ.

ಕೊನೆಗೆ ಉಂಗುರವನ್ನು ಬಿಟ್ಟು, ಅದು ಕೂರುವ ತೋಡನ್ನೂ ಕಡ್ಡಿಯ ದಪ್ಪವನ್ನೂ ಕ್ಯಾಲಿಪರ್‌ನಿಂದ ಅಳೆದು, ಒಳವ್ಯಾಸ ಅದಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುವ ಬಳೆಯನ್ನು ಆರಿಸಿದೆ. ಬಿಸಿನೀರಿಗೆ ಚೆನ್ನಾಗಿ ತಾಳುವ ಇಪಿಡಿಎಂ ರಬ್ಬರ್ ಅದು. ಆದರೆ ಪೆಟ್ರೋಲಿಯಂ ಜೆಲ್ಲಿ ತಗುಲಿದರೆ ಉಬ್ಬಿ ಕೆಡುತ್ತದೆ, ಆದ್ದರಿಂದ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆ.

ಬಳೆಯ ಬೆಲೆ ಒಂದು ಪೌಂಡ್ ಕೂಡ ಇಲ್ಲ. ಹುಡುಕಾಟಕ್ಕೆ ಇಡೀ ಶನಿವಾರ ಹೋಯಿತು. ರಾತ್ರಿ ಹತ್ತಾಗಿದೆ, ಲೋಟ ಒಣಗಿಯೇ ಇದೆ. ಆದರೂ ಅದನ್ನು ಅಲ್ಲಿಂದ ತೆಗೆಯಲು ಇನ್ನೂ ಧೈರ್ಯ ಬಂದಿಲ್ಲ.