ಟಿರೋಲ್‌ನ ಗೋದಲಿಗಳು ಮತ್ತು ನನ್ನ ಮರದ ಕುರಿ

ಕ್ರಿಸ್‌ಮಸ್ ಮುಗಿದರೂ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ, ನಮ್ಮ ಇನ್ಸ್‌ಬ್ರುಕ್ ಸುತ್ತಮುತ್ತ ಗೋದಲಿಗಳ ಗದ್ದಲ ಮುಗಿಯುವುದಿಲ್ಲ. ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ದೃಶ್ಯ. ಜನ ಮನೆಮನೆಗೆ ಹೋಗಿ ಗೋದಲಿ ನೋಡುತ್ತಾರೆ, ದಸರಾದಲ್ಲಿ ನಾವು ಗೊಂಬೆ ನೋಡಲು ಹೋಗುತ್ತೇವಲ್ಲ, ಹಾಗೆ. ಬೊಂಬೆ ಬಾಗಿನದ ಜಾಗದಲ್ಲಿ ಇಲ್ಲಿ ಸಿಗುವುದು ಪುಟ್ಟ ಗ್ಲಾಸಿನಲ್ಲಿ ಶ್ನಾಪ್ಸ್ ಎಂಬ ಖಡಕ್ ಮದ್ಯ. ಅದಕ್ಕೂ ಒಂದು ಷರತ್ತಿದೆ. ಮೊದಲು ಗೋದಲಿಯನ್ನು ಬಾಯಿತುಂಬ ಹೊಗಳಬೇಕು. ಸುಮ್ನೆ ನಿಂತು ನೋಡಿದರೆ ಬಾಟಲಿ ಹೊರಗೆ ಬರುವುದಿಲ್ಲ.

ಹತ್ತಿರದ ತೌರ್ ಎಂಬ ಹಳ್ಳಿ ಇದಕ್ಕೆ ಹೆಸರುವಾಸಿ. ಕೆಲವು ಮನೆಗಳಲ್ಲಿ ಗೋದಲಿಯೇ ಅರ್ಧ ಕೋಣೆ ಹಿಡಿದಿರುತ್ತದೆ, ಸೋಫಾ ಪಕ್ಕದ ಕೋಣೆಗೆ ಹೋಗಿರುತ್ತದೆ. ಖರ್ಜೂರದ ಮರ, ಮರಳುಗಾಡು ಇರುವ ಬೆತ್ಲೆಹೇಮ್ ಮಾಡುವವರೂ ಇದ್ದಾರೆ. ನನಗೆ ಇಷ್ಟ ಇನ್ನೊಂದು ಬಗೆ. ಹಿಮ ಬಿದ್ದ ಮರದ ಕೊಟ್ಟಿಗೆ, ಹಿಂದೆ ಆಲ್ಪ್ಸ್ ಬೆಟ್ಟ, ಟಿರೋಲ್ ಟೋಪಿ ಹಾಕಿದ ಕುರುಬ. ಯೇಸು ಇಲ್ಲೇ ಪಕ್ಕದ ಊರಲ್ಲಿ ಹುಟ್ಟಿದ ಅನ್ನೋ ಧೈರ್ಯ ನೋಡಿ ಇವರದು!

1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಈ ದೃಶ್ಯ ಮಾಡಿಸಿದ್ದು ಎಲ್ಲರೂ ಹೇಳುವ ಕಥೆ. ಟಿರೋಲ್‌ನಲ್ಲಿ ಗೋದಲಿ ಮನೆಯೊಳಗೆ ಬಂದು ಗಟ್ಟಿಯಾಗಿ ಕೂತದ್ದರ ಹಿಂದೆ ಒಂದು ನಿಷೇಧವಿದೆ. 1782ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಚರ್ಚುಗಳಲ್ಲಿ ಗೋದಲಿ ಇಡಬಾರದು ಅಂದ. ರೈತರು ಅದನ್ನು ಮನೆಗೆ ಕರೆದುಕೊಂಡರು. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ, ಕೈಯಲ್ಲಿ ಚಾಕು, ಹಿತ್ತಲಲ್ಲಿ ಮರ. ಇನ್ನೇನು ಬೇಕು?

ಇಲ್ಲಿ ಪೂರ್ತಿ ಸೆಟ್ಟನ್ನು ಒಂದೇ ಸಲ ಕೊಳ್ಳುವವರನ್ನು ಕಂಡರೆ ಹಳಬರು ಮುಗುಳ್ನಗುತ್ತಾರೆ. ಮೊದಲು ಬೊಂಬೆಗಳ ಎತ್ತರದ ಅಳತೆ ಗೊತ್ತುಮಾಡಿಕೊಳ್ಳಬೇಕು, 10 ಸೆಂಟಿಮೀಟರೋ 12 ಸೆಂಟಿಮೀಟರೋ ಅಂತ. ಆಮೇಲೆ ಅದನ್ನು ಬಿಡಬಾರದು. ಮೇರಿ, ಜೋಸೆಫ್, ಮಗು ಮೊದಲು. ಮಿಕ್ಕವರು ವರ್ಷಕ್ಕೊಬ್ಬರಂತೆ ಬರಲಿ. ಹಿಂದಿನ ಬೆಟ್ಟದ ಮೇಲೆ ನಿಲ್ಲುವ ಕುರುಬರು ಮಾತ್ರ ಸಣ್ಣವರಿದ್ದರೆ ಚೆನ್ನ, ದೂರ ಇದ್ದ ಹಾಗೆ ಕಾಣುತ್ತಾರೆ.

ಕೊಳ್ಳಲು ಬ್ರೆನ್ನರ್ ಕಣಿವೆ ದಾಟಿ ಇಟಲಿಯ ಒರ್ಟಿಸೆಯಿಗೆ ಹೋದರೆ ತಲೆ ತಿರುಗುತ್ತದೆ. ವಾಲ್ ಗಾರ್ದೇನಾ ಕಣಿವೆಯ ಈ ಊರು 17ನೇ ಶತಮಾನದಿಂದ ಕೆತ್ತನೆಯನ್ನೇ ನಂಬಿ ಬದುಕಿದೆ. ಆದರೆ ಅಂಗಡಿಯಲ್ಲಿ ಕಾಣುವುದೆಲ್ಲ ಪೂರ್ತಿ ಕೈಕೆಲಸ ಅಂದುಕೊಳ್ಳಬೇಡಿ. ಒಬ್ಬ ಕೆತ್ತನೆಗಾರ ಒಂದು ಮೂಲ ಬೊಂಬೆ ಮಾಡುತ್ತಾನೆ. ಮಷೀನು ಅದರ ಮೈಮೇಲೆ ಕಡ್ಡಿ ಓಡಿಸುತ್ತಾ ಅದೇ ಆಕಾರವನ್ನು ಒಂದೇ ಸಲಕ್ಕೆ ಹಲವು ತುಂಡುಗಳಲ್ಲಿ ಕೊರೆಯುತ್ತದೆ. ಕೊನೆಯ ತಿದ್ದುವಿಕೆ, ಬಣ್ಣ ಕೈಯಿಂದ. ಇದು ಮೋಸವೇನಲ್ಲ, ಬೆಲೆಯೂ ಕಡಿಮೆ. ಕೈಕೆತ್ತನೆ ಅಂತ ಜಾಸ್ತಿ ದುಡ್ಡು ಕೇಳಿದಾಗ ಮಾತ್ರ ಅದೇ ಕುರುಬನ ಎರಡು ಬೊಂಬೆ ಪಕ್ಕಪಕ್ಕ ಇಟ್ಟು ನೋಡಿ. ನೆರಿಗೆ, ಮೂಗು, ಬೆರಳು ಅಚ್ಚು ಹೊಡೆದಂತೆ ಒಂದೇ ಇದ್ದರೆ ಮಷೀನು. ಕೈಯಲ್ಲಿ ಮಾಡಿದ್ದು ಎರಡು ಸಲ ಒಂದೇ ಥರ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಉಳಿ ಹಿಡಿದ ಮೇಲೆ. ಇಲ್ಲಿ ಸಂಜೆ ಹೊತ್ತು ಕೆತ್ತನೆ ಕಲಿಸುತ್ತಾರೆ. ಕಲಿಯುವವರಿಗೆ ಲಿಂಡೆನ್ ಮರ ಕೊಡುತ್ತಾರೆ. ಮೆದು, ಎಳೆ ಸಣ್ಣದು, ಯಾವ ಕಡೆ ಉಳಿ ಹಾಕಿದರೂ ಅಷ್ಟಾಗಿ ಹಟ ಮಾಡುವುದಿಲ್ಲ. ಆಲ್ಪ್ಸ್‌ನ ಎತ್ತರದಲ್ಲಿ ಬೆಳೆಯುವ ತ್ಸಿರ್ಬೆ ಎಂಬ ಪೈನ್ ಮರವೂ ಉಂಟು, ಅದರ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ಅದಕ್ಕೆ ಬಣ್ಣ ಬಳಿಯುವುದು ನನ್ನ ಮಟ್ಟಿಗೆ ಪಾಪ.

ಕೆತ್ತನೆಯಲ್ಲಿ ಮೊದಲ ಪಾಠ ಮರದ ಎಳೆ. ಕುರಿಯ ಕಾಲು ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ. ಎಳೆ ಕಾಲಿನ ಉದ್ದಕ್ಕೇ ಇಳಿದರೆ ನಿಲ್ಲುತ್ತದೆ, ಅಡ್ಡ ಬಂದರೆ ಒಂದು ಒತ್ತಿಗೆ ಟಕ್ ಅಂತ ಮುರಿಯುತ್ತದೆ. ಅದಕ್ಕೇ ಕುರುಬನ ಚಾಚಿದ ಕೈಯನ್ನು ಬೇರೆ ತುಂಡಲ್ಲಿ ಕೆತ್ತಿ ಅಂಟಿಸುವುದು. ಕುರಿಯ ಉಣ್ಣೆಗೆ ದುಂಡು ಬಾಯಿಯ ಸಣ್ಣ ಉಳಿ ಬೇಕು. ಒತ್ತಿ, ಮಣಿಕಟ್ಟು ತಿರುಗಿಸಿ ಎತ್ತಿದರೆ ಒಂದು ಸುರುಳಿ ಏಳುತ್ತದೆ. ಹರಿತ ಹೋದ ಉಳಿಯಲ್ಲಿ ಈ ಆಟ ನಡೆಯುವುದಿಲ್ಲ. ಮರ ಜಜ್ಜಿಹೋಗಿ ಕುರಿ ಮಳೆಯಲ್ಲಿ ನೆಂದ ಹಾಗೆ ಕಾಣುತ್ತದೆ. ಮುಖ ಬಿಡಿಸುವಾಗ ಮೂಗು ಮೊದಲು, ಕಣ್ಣು ಆಮೇಲೆ. ಮೂಗಿನ ಎರಡು ಪಕ್ಕ ತಗ್ಗು ತೆಗೆದರೆ ಸಾಕು, ನೆರಳೇ ಅರ್ಧ ಕಣ್ಣು ಬರೆದುಬಿಡುತ್ತದೆ.

ನಮ್ಮ ಮನೆಯಲ್ಲೂ ಈಗ ಇಲ್ಲಿನ ಲೆಕ್ಕವೇ. ಡಿಸೆಂಬರ್ 24ರ ಸಂಜೆ ಮಗುವನ್ನು ಇಡುತ್ತೇವೆ. ಮಗುವನ್ನು ನೋಡಲು ಮೂವರು ರಾಜರು ಬರಬೇಕಾದ್ದು ಜನವರಿ 6ಕ್ಕೆ. ಫೆಬ್ರವರಿ 2ರವರೆಗೆ ಯಾರೂ ಜಾಗ ಬಿಡುವಂತಿಲ್ಲ. ಕುರಿಗಳು ನನ್ನವು, ಒಬ್ಬ ಕುರುಬನೂ ನನ್ನವನೇ. ರಾಜರ ಕೆಲಸ ಇನ್ನೂ ಬಾಕಿ. ಅವರ ಒಂಟೆಯನ್ನು ಮಾತ್ರ ಒರ್ಟಿಸೆಯಿಂದಲೇ ತರುವುದು ಅಂತ ತೀರ್ಮಾನಿಸಿದ್ದೇನೆ. ಅಷ್ಟು ಉದ್ದದ ನಾಲ್ಕು ಕಾಲು ನನ್ನ ಕೈಯಲ್ಲಾಗುವ ಕೆಲಸ ಅಲ್ಲ.