ಮಾಸ್ಟರ್ ಅಂತ ತೋರಿಸ್ತಾ ಇದೆ ಮೇಡಂ

ಮಂಗಳವಾರ ರಾತ್ರಿಯಿಂದ ಕಿವಿಯಲ್ಲಿ ಒಂದೇ ಮಾತು. "ಮಾಸ್ಟರ್ ಅಂತ ತೋರಿಸ್ತಾ ಇದೆ ಮೇಡಂ. ಆದ್ರೆ ಯಾವ ಸರ್ವರಿನಿಂದಲೂ ಆಚೆ ಹೋಗೋಕೆ ಆಗ್ತಾ ಇಲ್ಲ."

ನಮ್ಮ ವರ್ಚುವಲ್ ಸರ್ವರ್‌ಗಳ ಮುಂದೆ ಎರಡು ರೂಟರ್ ವಿಎಂಗಳಿವೆ, ಅಂದರೆ ರೂಟರ್ ಕೆಲಸ ಮಾಡುವ ವರ್ಚುವಲ್ ಯಂತ್ರಗಳು. ಎರಡೂ ಲಿನಕ್ಸ್, ಎರಡರಲ್ಲೂ ಕೀಪ್‌ಅಲೈವ್‌ಡಿ, ಅಂದರೆ ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವಂತೆ ಮಾಡುವ ಪ್ರೋಗ್ರಾಂ. ಸರ್ವರ್‌ಗಳಿಗೆ ಗೊತ್ತಿರೋದು ಒಂದೇ ಗೇಟ್‌ವೇ ಐಪಿ, ಅಂದರೆ ಆಚೆ ಹೋಗುವ ಬಾಗಿಲಿನ ವಿಳಾಸ. ಅದು ಯಾವಾಗ ಯಾರ ಕೈಯಲ್ಲಿರಬೇಕು ಅನ್ನೋದನ್ನು ಕೀಪ್‌ಅಲೈವ್‌ಡಿ ಬಳಸುವ ವಿಆರ್‌ಆರ್‌ಪಿ ಅನ್ನೋ ಪ್ರೋಟೋಕಾಲ್ ನೋಡಿಕೊಳ್ಳುತ್ತದೆ. ಪ್ರಯಾರಿಟಿ ಹೆಚ್ಚಿದ್ದದ್ದು ಐಪಿ ಹಿಡಿಯುತ್ತದೆ, ಹಿಡಿದದ್ದೇ ಮಾಸ್ಟರ್. ಮೊದಲನೆಯದರ ಪ್ರಯಾರಿಟಿ 150, ಎರಡನೆಯದರದು 100. ಮೊದಲನೆಯದು ಸೆಕೆಂಡಿಗೊಮ್ಮೆ 224.0.0.18 ವಿಳಾಸಕ್ಕೆ "ನಾನಿದ್ದೇನೆ" ಅಂತ ಸಾರುತ್ತಾ ಇರುತ್ತದೆ. ಆ ಸದ್ದು ನಿಂತರೆ ಸುಮಾರು 3.6 ಸೆಕೆಂಡಿನಲ್ಲಿ ಎರಡನೆಯದು ಐಪಿ ಎತ್ತಿಕೊಳ್ಳುತ್ತದೆ.

ಎಂಟು ತಿಂಗಳ ಹಿಂದೆ ಇದನ್ನೆಲ್ಲ ಕೂರಿಸಿದ್ದು ನಾನೇ. ಎರಡೂ ವಿಎಂ ಒಂದೇ ಹೋಸ್ಟ್ (ವಿಎಂಗಳು ಓಡುವ ನಿಜವಾದ ಯಂತ್ರ) ಮೇಲೆ ಬರಬಾರದು ಅಂತ ನಿಯಮ ಹಾಕಿದ್ದೆ. ವಿಎಂಗಳನ್ನು ನೆಟ್‌ವರ್ಕಿಗೆ ಜೋಡಿಸುವ ನಮ್ಮ ವರ್ಚುವಲ್ ಸ್ವಿಚ್, ಆ ವಿಎಂಗೆ ಕೊಟ್ಟದ್ದಲ್ಲದ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ) ವಿಳಾಸದಿಂದ ಬರುವ ಫ್ರೇಮುಗಳನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಅದಕ್ಕೂ ಅನುಮತಿ ಕೊಟ್ಟಿದ್ದೆ. ಕಷ್ಟದ ಕೆಲಸಗಳೆಲ್ಲ ಸರಿಯಾಗಿದ್ದವು.

ಮಂಗಳವಾರ ಮೊದಲ ರೂಟರ್ ಇದ್ದ ಹೋಸ್ಟ್ ಏಕಾಏಕಿ ನಿಂತಿತು. ನಾಲ್ಕು ಸೆಕೆಂಡಿನೊಳಗೆ ಎರಡನೆಯದು ಮಾಸ್ಟರ್ ಆಯಿತು. ಲಾಗ್ ನೋಡಿದರೆ ಒಂದು ಅಕ್ಷರ ತಪ್ಪಿಲ್ಲ. ಮಾನಿಟರಿಂಗ್ ಕೂಡ ಹಸಿರು. ಅದು ಪಿಂಗ್ ಮಾಡುತ್ತಿದ್ದದ್ದು ಗೇಟ್‌ವೇಗೆ, ಗೇಟ್‌ವೇ ಉತ್ತರ ಕೊಡುತ್ತಿತ್ತು. ಆಗ ಟೀಮಿನ ಹುಡುಗ ಫೋನ್ ಮಾಡಿ ಆ ಮಾತು ಹೇಳಿದ್ದು. "ಸ್ಟೇಟ್ ಸರಿಯಾಗಿ ನೋಡಿದ್ಯಾ?" ಅಂತ ಕೇಳಿದೆ. "ನೋಡಿದೆ ಮೇಡಂ, ಮಾಸ್ಟರ್ ಅಂತಾನೇ ಇದೆ. ಪ್ಯಾಕೆಟ್ ಓಡಾಟ ತೋರಿಸೋ ಟಿಸಿಪಿಡಂಪ್ ಔಟ್‌ಪುಟ್ ಮಾನಿಟರಿಂಗ್ ಪುಟದಲ್ಲೂ ಬರುತ್ತಲ್ವಾ, ಅಲ್ಲಿ ಒಳಗಿನ ಇಂಟರ್‌ಫೇಸಿಗೆ ಪ್ಯಾಕೆಟ್ ಬರ್ತಾ ಇದೆ. ಹೊರಗಿನದರಲ್ಲಿ ಒಂದೂ ಇಲ್ಲ." ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಅವನು ಮತ್ತೆ ಅದೇ ಉತ್ತರ ಕೊಟ್ಟ. ಕಾರಣ ಅವನ ಎರಡನೇ ವಾಕ್ಯದಲ್ಲೇ ಇತ್ತು.

ಐಪಿ ಫಾರ್ವರ್ಡಿಂಗ್ ಸೊನ್ನೆ ಆಗಿತ್ತು. ಅದು ಸೊನ್ನೆ ಇದ್ದರೆ ಲಿನಕ್ಸ್ ತನಗೆ ಬಂದ ಪ್ಯಾಕೆಟ್ಟಿಗೆ ಉತ್ತರ ಕೊಡುತ್ತದೆ, ಬೇರೆಯವರಿಗೆ ಹೋಗಬೇಕಾದದ್ದನ್ನು ಬಿಸಾಕುತ್ತದೆ. ಎಂಟು ತಿಂಗಳ ಹಿಂದೆ ಅದನ್ನು ಎರಡರಲ್ಲೂ ಕಮಾಂಡ್ ಕೊಟ್ಟು 1 ಮಾಡಿದ್ದೆ. ಮೊದಲನೆಯದರಲ್ಲಿ ಕಾನ್ಫಿಗ್ ಫೈಲಿಗೂ ಬರೆದೆ, ಎರಡನೆಯದರಲ್ಲಿ ಬರೆಯಲಿಲ್ಲ. ಎರಡು ತಿಂಗಳ ಹಿಂದೆ ಕರ್ನಲ್ ಅಪ್‌ಡೇಟಿಗೆ ಆ ಎರಡನೆಯದನ್ನು ರೀಬೂಟ್ ಮಾಡಿದ್ದೆವು. ಫೈಲಿನಲ್ಲಿ ಇಲ್ಲದ್ದರಿಂದ ಫಾರ್ವರ್ಡಿಂಗ್ ಮತ್ತೆ ಸೊನ್ನೆಯಾಯಿತು. ಅಲ್ಲಿಂದ ಅದು ಸೆಕೆಂಡಿಗೊಮ್ಮೆ ಮೊದಲನೆಯದರ ಸದ್ದು ಕೇಳುತ್ತಾ ಸಿದ್ಧವಾಗಿಯೇ ಕೂತಿತ್ತು. ಅದರ ಮೂಲಕ ಒಂದು ಪ್ಯಾಕೆಟ್ ಕೂಡ ದಾಟಲಾರದು ಅನ್ನೋದು ಯಾರಿಗೂ ಗೊತ್ತಾಗಲಿಲ್ಲ, ಯಾಕಂದ್ರೆ ಯಾರೂ ಕಳಿಸಿ ನೋಡಿರಲಿಲ್ಲ.

ಒಂದು ಸಾಲಿನಲ್ಲಿ ಸರಿಹೋಯಿತು. ಒಟ್ಟು 19 ನಿಮಿಷ. ಅಷ್ಟರಲ್ಲಿ ಮ್ಯಾನೇಜರ್ ಫೋನ್ ಕಾಲ್‌ಗೆ ಸೇರಿಕೊಂಡು "ಇದನ್ನ ಕಾನ್ಫಿಗರ್ ಮಾಡಿದ್ದು ಯಾರು?" ಅಂದರು. ನಾನೇ ಅಂದೆ. ಒಳ್ಳೆಯ ಮನುಷ್ಯ, ಆದರೆ ಬೆಂಕಿ ಹತ್ತಿಕೊಂಡಿರುವಾಗ ಕೇಳುವ ಪ್ರಶ್ನೆ ಅದಲ್ಲ ಅಂತ ಈಗಲೂ ಅನಿಸುತ್ತದೆ.

ಬುಧವಾರ ಚೆಕ್ ಸ್ಕ್ರಿಪ್ಟ್ ಸೇರಿಸಿದೆವು. ಫಾರ್ವರ್ಡಿಂಗ್ 1 ಇದೆಯಾ, ಹೊರಗಿನ ರೂಟರ್ ಮುಟ್ಟುತ್ತಾ ಅಂತ ಅದು ನೋಡುತ್ತದೆ. ತಪ್ಪಿದರೆ ಪ್ರಯಾರಿಟಿಯಲ್ಲಿ 60 ಕಡಿಮೆ. ಮೊದಲನೆಯದು ಎಡವಿದರೆ 150 ಇದ್ದದ್ದು 90 ಆಗಿ 100ರ ಕೆಳಗೆ ಬರುತ್ತದೆ, ಎರಡನೆಯದು ಎದ್ದೇಳುತ್ತದೆ. ಎರಡೂ ಎಡವಿದರೆ 90, 40. ಆಗ ಐಪಿ ಇದ್ದಲ್ಲೇ ಇರುತ್ತದೆ. ಸ್ಕ್ರಿಪ್ಟ್ ತಪ್ಪಿದ ಕೂಡಲೇ ಫಾಲ್ಟ್ ಸ್ಥಿತಿಗೆ, ಅಂದರೆ ಐಪಿ ಬಿಟ್ಟುಕೊಡುವ ಸ್ಥಿತಿಗೆ, ತಳ್ಳುವಂತೆ ಹಾಕಿದ್ದರೆ, ಹೊರಗಿನ ರೂಟರ್ ಒಂದು ಕ್ಷಣ ಮಲಗಿದರೂ ನಮ್ಮಲ್ಲಿ ಗೇಟ್‌ವೇ ಹಿಡಿಯುವವರೇ ಇರುತ್ತಿರಲಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಗುರುವಾರ ತಿಳಿದ ವಿಷಯ. "ಅಷ್ಟು ಸರಿಯಾಗಿ ಹಿಡಿದಿದ್ದೆ, ನೀನೇ ಯಾಕೆ ಒಳಗೆ ಹೋಗಿ ನೋಡಲಿಲ್ಲ?" ಅಂತ ಆ ಹುಡುಗನನ್ನು ಕೇಳಿದೆ. "ಆ ರೂಟರ್‌ಗಳಲ್ಲಿ ನನಗೆ ಲಾಗಿನ್ನೇ ಇಲ್ವಲ್ಲ ಮೇಡಂ" ಅಂದ. ದೂರಿನ ದನಿಯಲ್ಲಿ ಹೇಳಲಿಲ್ಲ, ಸುಮ್ನೆ ಹೇಳಿದ.

ತುರ್ತು ಕರೆಗೆ ಸಿದ್ಧವಿರಬೇಕಾದವರ ಆನ್‌ಕಾಲ್ ಪಟ್ಟಿಯಲ್ಲಿ ಎರಡು ವರ್ಷದಿಂದ ನನ್ನ ಹೆಸರಿನ ಕೆಳಗೆ ಅವನ ಹೆಸರಿದೆ. ಬ್ಯಾಕಪ್ ಅಂತ. ನಾನು ರಜೆ ಹಾಕಿದಾಗಲೆಲ್ಲ "ಅವನಿದ್ದಾನೆ" ಅಂತ ನೆಮ್ಮದಿಯಿಂದ ಹೋಗಿದ್ದೇನೆ. ಅಲ್ಲಿ ಕೂತು ಅವನು ಪುಟಗಳನ್ನು ನೋಡಬಹುದಿತ್ತು, ನನಗೆ ಫೋನ್ ಮಾಡಬಹುದಿತ್ತು. ಅದಕ್ಕಿಂತ ಜಾಸ್ತಿ ಏನನ್ನೂ ನಾವು ಅವನಿಗೆ ಕೊಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ, ಕೇಳುವ ಸ್ವಭಾವ ಅವನದಲ್ಲ. ಹುಷಾರಾಗಿ ಕೆಲಸ ಮಾಡುವ ಇಂಥ ಹುಡುಗರ ವಿಷಯದಲ್ಲೇ ನಾವು ಹೀಗೆ ಮರೆಯೋದು.

ನಿನ್ನೆ ಅವನಿಗೆ ಎರಡೂ ರೂಟರ್‌ಗಳ ರೂಟ್ (ಪೂರ್ಣ ಅಧಿಕಾರದ) ಅನುಮತಿ ಕೊಟ್ಟೆ. ಮುಂದಿನ ಬುಧವಾರ ರಾತ್ರಿ ಮೊದಲ ರೂಟರನ್ನು ನಾವೇ ಬೇಕೆಂದು ನಿಲ್ಲಿಸಿ ನೋಡುತ್ತೇವೆ. ಕಮಾಂಡ್ ಕೊಡೋದು ಅವನು. ಆ ಹೊತ್ತಿಗೆ ನಾನು ಲಾಗಿನ್ ಆಗಿರೋದಿಲ್ಲ.