ಎಪಿಡ್ಯೂರಲ್ ಟ್ಯೂಬ್ ತೆಗೆಯೋಕೂ ಗಂಟೆ ನೋಡಬೇಕು

ಮಾರ್ಚ್ 12, 2024, ಮಂಗಳವಾರ

ಇವತ್ತು ವಾರ್ಡಿನಲ್ಲಿ ಸಣ್ಣ ಜಟಾಪಟಿ. ಮಂಡಿ ಆಪರೇಷನ್ ಆದ ಅಜ್ಜಿಯೊಬ್ಬರ ಎಪಿಡ್ಯೂರಲ್ ಟ್ಯೂಬ್, ಅಂದರೆ ನೋವಿನ ಔಷಧಿ ಬಿಡಲು ಬೆನ್ನುಮೂಳೆಯೊಳಗೆ ಬೆನ್ನುಹುರಿಯ ಪಕ್ಕಕ್ಕೆ ಇಟ್ಟಿದ್ದ ಸಣ್ಣ ಕೊಳವೆ, ಬೆಳಿಗ್ಗೆಯೇ ತೆಗೆಯಬೇಕಿತ್ತು. ಚಾರ್ಟ್ ನೋಡಿದರೆ 6 ಗಂಟೆಗಷ್ಟೇ ರಕ್ತ ತೆಳುವಾಗಿಸುವ ಎನಾಕ್ಸಪರಿನ್ ಇಂಜೆಕ್ಷನ್ ಹೋಗಿದೆ. ಸಂಜೆ ಆರರ ಮೇಲೆ ತೆಗೆಯೋಣ ಅಂದೆ. "ದಾರದಷ್ಟು ಟ್ಯೂಬು ಡಾಕ್ಟ್ರೇ, ಎಳೆದರೆ ಬರುತ್ತೆ, ಅದಕ್ಕೂ ಗಂಟೆ ನೋಡಬೇಕಾ?" ಅಂದರು ಸಿಸ್ಟರ್.

ನೋಡಲೇಬೇಕು. ಸೂಜಿ ಚುಚ್ಚುವಾಗ ಎಲ್ಲರೂ ಹುಷಾರಾಗಿರುತ್ತಾರೆ, ತೆಗೆಯುವಾಗ ಯಾರಿಗೂ ನೆನಪಿರಲ್ಲ. ಬೆನ್ನಲ್ಲಿ ಟ್ಯೂಬ್ ಇರುವ ಜಾಗದ ತುಂಬ ತೆಳು ರಕ್ತನಾಳಗಳು, ಸುತ್ತ ಮೂಳೆ. ರಕ್ತ ತೆಳುವಾಗಿಸುವ ಔಷಧಿ ಮೈಯಲ್ಲಿರುವಾಗ ಟ್ಯೂಬ್ ಎಳೆದು ಒಂದು ನಾಳ ಹರಿದರೆ, ಸೋರಿದ ರಕ್ತಕ್ಕೆ ಹೋಗಲು ದಾರಿಯಿಲ್ಲದೆ ಬೆನ್ನುಹುರಿಯನ್ನೇ ಒತ್ತುತ್ತದೆ. ತೀರಾ ಅಪರೂಪ, ನಿಜ. ಆದರೆ ಹಾಗೇನಾದರೂ ಆದರೆ ಕಾಲಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಈ ಔಷಧಿ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಎಚ್ಚರಿಸಿತ್ತು. 2013ರಲ್ಲಿ ಟ್ಯೂಬ್ ಹಾಕುವ, ತೆಗೆಯುವ ಹೊತ್ತಿನ ಬಗ್ಗೆಯೇ ಮತ್ತೆ ಹೇಳಿತು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಸಣ್ಣ ಡೋಸ್ ಆದರೆ 12 ಗಂಟೆ ಬಿಡಬೇಕು, ಚಿಕಿತ್ಸೆಯ ದೊಡ್ಡ ಡೋಸ್ ಆದರೆ 24. ತೆಗೆದ ಮೇಲೂ ಮುಂದಿನ ಡೋಸಿಗೆ ಕಡಿಮೆ ಅಂದ್ರೂ 4 ಗಂಟೆ ಕಾಯಬೇಕು. ವಯಸ್ಸಾದ ಹೆಂಗಸರು, ಕಿಡ್ನಿ ಸರಿಯಿಲ್ಲದವರು, ಸೂಜಿ ಒಂದೇ ಸಲಕ್ಕೆ ಸಿಗದೆ ಮೂರ್ನಾಲ್ಕು ಸಲ ಚುಚ್ಚಿಸಿಕೊಂಡವರಲ್ಲಿ ಅಪಾಯ ಇನ್ನೂ ಜಾಸ್ತಿ.

ನನಗೆ ನಿಜವಾಗಿ ಭಯ ಇರೋದು ಬೇರೆ ಕಡೆ. ಕಾಲಿಗೆ ಶಕ್ತಿ ಇಲ್ಲ ಅಂದರೆ "ಅರಿವಳಿಕೆ ಇನ್ನೂ ಇಳಿದಿಲ್ಲ ಬಿಡಿ" ಅಂದುಬಿಡುತ್ತೇವೆ ಅಲ್ವಾ, ಅಲ್ಲೇ ಹೊತ್ತು ಕಳೆದುಹೋಗೋದು. ಬೆನ್ನುನೋವು ಬಂದೇ ಬರಬೇಕು ಅಂತೇನಿಲ್ಲ. ಇಳಿಯುತ್ತಿದ್ದ ಜೋಮು ಮತ್ತೆ ಏರಿದರೆ, ಪಾದ ಆಡಿಸಲು ಆಗದಿದ್ದರೆ, ಮೂತ್ರ ಕಟ್ಟಿದರೆ ಬೆಳಗಿನ ರೌಂಡ್ಸಿಗೆ ಕಾಯಬಾರದು, ತಕ್ಷಣ ಎಂಆರ್‌ಐ ಆಗಬೇಕು. ಕಾಲು ಸೋತ 8 ಗಂಟೆಯೊಳಗೆ ಆಪರೇಷನ್ ಮಾಡಿ ರಕ್ತ ತೆಗೆದರೆ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ, ತಡವಾದಷ್ಟೂ ಕಮ್ಮಿ.

ಇನ್ನು ಮಾತ್ರೆಗಳ ಗೋಳು. ಎಪಿಡ್ಯೂರಲ್ ಹಾಕುವ ಮೊದಲು ಏನು ಮಾತ್ರೆ ತಗೋತೀರಿ ಅಂತ ರೋಗಿಗಳನ್ನು ಕೇಳಿದರೆ "ಹಾರ್ಟಿಂದು, ಚಿಕ್ಕ ಮಾತ್ರೆ" ಅಂತಾರೆ. ಅದು ಬರೀ ಆಸ್ಪಿರಿನ್ ಆದರೆ ಸಾಮಾನ್ಯವಾಗಿ ಎಪಿಡ್ಯೂರಲ್‌ಗೆ ಅಡ್ಡಿಯಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಆದರೆ 5ರಿಂದ 7 ದಿನ ಮೊದಲೇ ನಿಲ್ಲಿಸಿರಬೇಕು. ಅಂಥದ್ದೇ ಇನ್ನೊಂದು ಮಾತ್ರೆ ವಾರ್ಫರಿನ್ ಆದರೆ ಸುಮಾರು 5 ದಿನ ನಿಲ್ಲಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಪರೀಕ್ಷೆ ಐಎನ್‌ಆರ್ ಮಾಮೂಲಿಗೆ ಬಂದಿದೆಯಾ ಅಂತಲೂ ನೋಡಬೇಕು. ಹಾಗಂತ ಮನೆಯಲ್ಲಿ ತಾವೇ ನಿಲ್ಲಿಸಿಬಿಡೋದು ಇನ್ನೊಂದು ಅಪಾಯ, ಸ್ಟೆಂಟ್ ಹಾಕಿಸಿಕೊಂಡವರಂತೂ ಹಾರ್ಟ್ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಮಾತ್ರೆ ಹೆಸರು ಗೊತ್ತಿಲ್ಲ ಅಂದರೆ ಖಾಲಿ ಸ್ಟ್ರಿಪ್ ತಂದರೂ ನಮಗೆ ಸಾಕು.